ದಿನಾಂಕವಿಲ್ಲದ ಇಸಿಜಿ

ಮೈಸೂರು, ಭಾನುವಾರ

ಚಿರಂಜೀವಿ ಪುಟ್ಟನಿಗೆ ಸೋದರಮಾವನ ಆಶೀರ್ವಾದಗಳು.

ನಿನ್ನ ಅಮ್ಮ ಕಳಿಸಿದ ಲಕೋಟೆ ನಿನ್ನೆ ತಲುಪಿತು. ಏಳು ಇಸಿಜಿಗಳನ್ನೂ ಊಟದ ಮೇಜಿನ ಮೇಲೆ ಹರಡಿಕೊಂಡು ಕುಳಿತಿದ್ದೇನೆ. ಮೂವತ್ತೊಂದು ವರ್ಷ ಕಂಡವರ ಎದೆಗೆಲ್ಲ ತಂತಿ ಅಂಟಿಸಿದವನು ನಾನು. ಆದರೂ ನಿನ್ನ ಹೆಸರಿದ್ದ ಹಾಳೆ ಹಿಡಿದಾಗ ಕೈ ನಡುಗಿತು.

ಆಂಜಿಯೋಗ್ರಾಂ, ಎಕೋ, ಎಂಆರ್‌ಐ ಎಲ್ಲವೂ ಸರಿ ಇದ್ದ ಮೇಲೆ ಹೃದಯ ಏಕೆ ನಿಂತಿತು ಎಂದು ಕೇಳಿದ್ದೀಯೆ. ವರದಿಯಲ್ಲಿ ಬರೆದಿರುವ 'ಇಡಿಯೋಪಥಿಕ್' ಎಂಬ ಪದಕ್ಕೆ ಅರ್ಥ ಇಷ್ಟೇ: ಕಾರಣ ಸಿಕ್ಕಿಲ್ಲ. ಆದರೆ ಮೊದಲ ದಿನದ ಹಾಳೆಯಲ್ಲಿ ಹೃದಯದ ಕೆಳಭಾಗವನ್ನು ತೋರುವ ಎರಡು, ಮೂರು, ಎವಿಎಫ್ ಎಂಬ ಸಾಲುಗಳನ್ನು ಭೂತಗನ್ನಡಿ ಹಿಡಿದು ನೋಡು. ಚೂಪು ಶಿಖರದಿಂದ ಇಳಿಯುವ ಗೆರೆ ನೆಲ ಮುಟ್ಟುವ ಮೊದಲು ಒಮ್ಮೆ ಎಡವಿದಂತೆ ಸಣ್ಣ ಗಂಟು ಕಾಣುತ್ತದೆ. ಎತ್ತರ ಎರಡು ಪುಟ್ಟ ಚೌಕ, ಅಂದರೆ ಎರಡು ಮಿಲಿಮೀಟರ್. ನನ್ನ ಕಾಲದಲ್ಲಿ ಹುಡುಗರಲ್ಲಿ ಇದನ್ನು ಕಂಡರೆ 'ಸಹಜ' ಎಂದು ಬದಿಗಿಡುತ್ತಿದ್ದೆವು. ನಾನೂ ಎಷ್ಟೋ ಹಾಳೆಗಳನ್ನು ಹಾಗೆ ಬದಿಗಿಟ್ಟಿದ್ದೇನೆ.

2008ರಲ್ಲಿ ಫ್ರಾನ್ಸಿನ ಬೋರ್ಡೋ ನಗರದ ಹೃದಯವೈದ್ಯ ಹೈಸಾಗೇರ್ ಮತ್ತು ಸಂಗಡಿಗರು ನಿನ್ನಂತೆ ಕಾರಣವಿಲ್ಲದೆ ಹೃದಯ ನಿಂತು ಬದುಕುಳಿದ 206 ಮಂದಿಯ ಇಸಿಜಿಗಳನ್ನು ಪರಿಶೀಲಿಸಿದರು. ಒಂದು ಚೌಕ ಅಥವಾ ಅದಕ್ಕಿಂತ ಎತ್ತರದ ಈ ಗಂಟು ಅವರಲ್ಲಿ ಶೇ. 31 ಮಂದಿಗೆ ಇತ್ತು, ಆರೋಗ್ಯವಂತರಲ್ಲಿ ಶೇ. 5 ಮಂದಿಗೆ. ಗಂಟಿದ್ದವರಲ್ಲಿ ನಿದ್ದೆಯಲ್ಲೇ ಹೃದಯ ನಿಂತವರು ಹೆಚ್ಚು, ಮುಂದೆ ಲಯ ಮತ್ತೆ ತಪ್ಪಿದ್ದೂ ಸುಮಾರು ಎರಡು ಪಟ್ಟು. ಹಾಗಾಗಿ ಲಯ ತಪ್ಪಿದಾಗ ಹೃದಯಕ್ಕೆ ಶಾಕ್ ಕೊಟ್ಟು ಸರಿಪಡಿಸಲು ಎದೆಯೊಳಗೆ ಇಟ್ಟಿರುವ ಡಿಫಿಬ್ರಿಲೇಟರ್ ತೆಗೆಸುವ ಮಾತು ಎತ್ತಬೇಡ. ಕೆಲಸ ಮಾಡಲು ಅದಕ್ಕೆ ಕಾರಣ ಗೊತ್ತಿರಬೇಕಾಗಿಲ್ಲ.

ನಿನ್ನ ತಮ್ಮನ ಹಾಳೆಯ ಮೇಲೆ ಯಂತ್ರವೇ 'ಅರ್ಲಿ ರೀಪೋಲರೈಸೇಷನ್' ಎಂದು ಅಚ್ಚು ಹಾಕಿದೆಯಂತೆ, ಮನೆಯಲ್ಲಿ ಯಾರೂ ಊಟ ಮಾಡುತ್ತಿಲ್ಲವಂತೆ. ಮೊದಲು ಊಟ ಮಾಡಲು ಹೇಳು. ಆ ಪದ ಇದೇ ಗಂಟಿನ ಹೆಸರು, ನೂರು ಆರೋಗ್ಯವಂತರಲ್ಲಿ ಐವರಿಗೆ ಇರುವಂಥದ್ದು. ಅವರಲ್ಲಿ ಬಹುಪಾಲು ಜನ ಮೊಮ್ಮಕ್ಕಳನ್ನು ಕಾಣುತ್ತಾರೆ. ಆದರೂ ಅಣ್ಣನಿಗೆ ಹೀಗಾಗಿರುವುದರಿಂದ ಅವನ ಹಾಳೆಯನ್ನೂ ನಿನ್ನ ವೈದ್ಯರೇ ನೋಡಲಿ, ಮೊಬೈಲ್ ನೋಡುವುದು ಬೇಡ.

ಇನ್ನು ನಾನು ಬರೆಯಲು ಕುಳಿತ ಮುಖ್ಯ ವಿಷಯ. ನಿನ್ನ ನಾಲ್ಕನೆಯ ಹಾಳೆಯಲ್ಲಿ ಆ ಗಂಟು ಇಲ್ಲವೇ ಇಲ್ಲ! ಐದನೆಯದರಲ್ಲಿ ಅರ್ಧ ಚೌಕದಷ್ಟಿದೆ. ಬಂದು ಹೋಗುವುದು ಅದರ ಸ್ವಭಾವ. ಒಂದು ಹಾಳೆ ಚೆನ್ನಾಗಿದೆ ಎಂದು ಉಳಿದವನ್ನು ಎಸೆಯಬೇಡ. ಶಾಖಕ್ಕೆ ಅಚ್ಚಾಗುವ ಕಾಗದ ಅದು, ಕೆಲವು ವರ್ಷಗಳಲ್ಲಿ ಗೆರೆ ಮಾಸಿಹೋಗುತ್ತದೆ. ಎಲ್ಲದರ ಜೆರಾಕ್ಸ್ ಮಾಡಿಸು. ಹಾಳೆಯ ಹಿಂಬದಿಯಲ್ಲಿ ದಿನಾಂಕ, ಸಮಯ, ಜ್ವರವಿತ್ತೇ ಎಂಬುದನ್ನು ಬರೆ.

ಜ್ವರದ ಮಾತು ಸುಮ್ಮನೆ ಬರೆದದ್ದಲ್ಲ. 1992ರಲ್ಲಿ ಬ್ರುಗಾಡಾ ಎಂಬ ವೈದ್ಯ ಸಹೋದರರು ಎಂಟು ರೋಗಿಗಳಲ್ಲಿ ಕಂಡು ಬರೆದ, ಹೃದಯ ನಿಲ್ಲಿಸಬಲ್ಲ ಇನ್ನೊಂದು ದೋಷದ ಚಹರೆ, ಎದೆಯ ಮೊದಲೆರಡು ತಂತಿಗಳ ವಿ1, ವಿ2 ಸಾಲುಗಳಲ್ಲಿ ಅಡಗಿರುತ್ತದೆ, ಜ್ವರ ಅದನ್ನು ಹೊರಗೆಳೆಯಬಹುದು. ಜ್ವರ ಬಂದರೆ ಸಹಿಸಿಕೊಂಡು ಮಲಗಬೇಡ. ಇಳಿಸುವ ಮಾತ್ರೆ ತೆಗೆದುಕೊಂಡು ಹೋಗಿ ಇಸಿಜಿ ಮಾಡಿಸು. ಆ ಎರಡು ತಂತಿಗಳನ್ನು ಪಕ್ಕೆಲುಬಿನ ಒಂದೆರಡು ಸಂದು ಮೇಲಕ್ಕೂ ಇಟ್ಟು ತೆಗೆಯಲು ಕೇಳು. ತಂತ್ರಜ್ಞ ಗೊಣಗುತ್ತಾನೆ, ನಾನೂ ಗೊಣಗುತ್ತಿದ್ದೆ.

ಅದನ್ನೇ ಹುಡುಕಲು ವೈದ್ಯರು ಹೇಳಿರುವ ಅಜ್ಮಲೀನ್ ಎಂಬ ಮದ್ದನ್ನು ರಕ್ತನಾಳಕ್ಕೆ ಕೊಟ್ಟು ಇಸಿಜಿ ನೋಡುವ ಪರೀಕ್ಷೆಗೆ ಹೆದರಿ ಮುಂದೂಡುತ್ತಿದ್ದೀಯಂತೆ. ಆ ಮದ್ದು ನಮ್ಮ ಸರ್ಪಗಂಧದ ಬೇರಿನಲ್ಲಿ ಸಿಕ್ಕಿದ್ದು. 1931ರಲ್ಲಿ ರಸಾಯನ ವಿಜ್ಞಾನಿ ಸಲೀಮುಜ್ಜಮಾನ್ ಸಿದ್ದೀಕಿ ಬೇರ್ಪಡಿಸಿ, ದೆಹಲಿಯ ಹಕೀಮ್ ಅಜ್ಮಲ್ ಖಾನರ ಹೆಸರಿಟ್ಟರು. ಪಕ್ಕದಲ್ಲಿ ವೈದ್ಯರು, ಯಂತ್ರ ಎಲ್ಲ ಇಟ್ಟುಕೊಂಡೇ ಮಾಡುತ್ತಾರೆ. ದಿನ ಗೊತ್ತುಮಾಡು, ನಾನು ಬಂದು ಹೊರಗೆ ಕುಳಿತಿರುತ್ತೇನೆ.

ಆರನೆಯ ಹಾಳೆಗೆ ದಿನಾಂಕವಿಲ್ಲ, ಅದರಲ್ಲಿ ಗಂಟು ಎಲ್ಲಕ್ಕಿಂತ ಎತ್ತರ ಇದೆ. ಅದನ್ನು ಯಾವ ದಿನ, ಎಷ್ಟು ಹೊತ್ತಿಗೆ ತೆಗೆದರು ಎಂದು ಅಮ್ಮನನ್ನು ಕೇಳಿ ತಕ್ಷಣ ತಿಳಿಸು.

ನಿನ್ನ ಮಾವ