ಇಸ್ರಾಯೇಲಿನ ಅರಸರ ಆಳ್ವಿಕೆಯ ಲೆಕ್ಕ

ಮಾನ್ಯರೇ,

ಪ್ರಾಚೀನ ಇಸ್ರಾಯೇಲನ್ನು ಕುರಿತು ನಿಮ್ಮ ಸಾಪ್ತಾಹಿಕ ಪುರವಣಿಯಲ್ಲಿ ಬಂದ ಲೇಖನವು, ಬೈಬಲಿನ ‘ಅರಸುಗಳು’ ಭಾಗದಲ್ಲಿರುವ ಆಳ್ವಿಕೆಯ ವರ್ಷಗಳನ್ನು ಕೂಡಿದರೆ ತಾಳೆಯಾಗುವುದಿಲ್ಲವೆಂದು ತೋರಿಸಿ, ಅವೆಲ್ಲ ಕಲ್ಪಿತವೆಂದು ತೀರ್ಮಾನಿಸಿದೆ. ತಾಳೆಯಾಗುವುದಿಲ್ಲವೆಂಬುದು ನಿಜ, ತೀರ್ಮಾನ ಮಾತ್ರ ಅವಸರದ್ದು.

ಸೊಲೊಮೋನನ ತರುವಾಯ ರಾಜ್ಯವು ಉತ್ತರದ ಇಸ್ರಾಯೇಲ್ ಮತ್ತು ದಕ್ಷಿಣದ ಯೆಹೂದ ಎಂದು ಒಡೆದಾಗ ಉತ್ತರದಲ್ಲಿ ಯಾರೊಬ್ಬಾಮನೂ ದಕ್ಷಿಣದಲ್ಲಿ ರೆಹಬ್ಬಾಮನೂ ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಪಟ್ಟಕ್ಕೆ ಬಂದರು. ಮುಂದೆ ಉತ್ತರದ ಸೇನಾಪತಿ ಯೇಹು ದಂಗೆಯೆದ್ದು ಪಟ್ಟಕ್ಕೆ ಬಂದಾಗ ಎರಡೂ ಕಡೆಯ ಅರಸರು ಹತರಾದರು. ಮೊದಲೂ ಕೊನೆಯೂ ಒಂದೇ ಆಗಿರುವಾಗ ನಡುವಿನ ವರ್ಷಗಳೂ ಒಂದೇ ಇರಬೇಕಿತ್ತು. ಆದರೆ ಉತ್ತರದವರ ಮೊತ್ತ 98, ದಕ್ಷಿಣದವರದು 95.

ಇದನ್ನು ಪರೀಕ್ಷಿಸಲು ಬೈಬಲಿನ ಹೊರಗಿನ ಸಾಕ್ಷ್ಯವಿದೆ. ಕ್ರಿ.ಪೂ. 763ರ ಸೂರ್ಯಗ್ರಹಣದ ಉಲ್ಲೇಖದಿಂದ ಅಶ್ಶೂರರ (ಅಸ್ಸೀರಿಯದವರ) ಕಾಲಗಣನೆ ಖಚಿತವಾಗಿದ್ದು, ಅವರ ಅರಸ ಮೂರನೆಯ ಶಾಲ್ಮನೆಸರನ ಶಾಸನಗಳು 853ರ ಕಾರ್ಕರ್ ಯುದ್ಧದಲ್ಲಿ ಉತ್ತರದ ಅರಸ ಅಹಾಬನನ್ನೂ 841ರಲ್ಲಿ ಕಪ್ಪ ಒಪ್ಪಿಸಿದ ಯೇಹುವನ್ನೂ ಹೆಸರಿಸುತ್ತವೆ. ಅಂತರ 12 ವರ್ಷ. ಇವರಿಬ್ಬರ ನಡುವೆ ಅಹಜ್ಯ 2 ವರ್ಷ, ಯೋರಾಮ 12 ವರ್ಷ ಆಳಿದರೆಂದು ಬೈಬಲ್ ಹೇಳುವುದರಿಂದ ಒಟ್ಟು 14 ಆಗುತ್ತದೆ. ಉತ್ತರದಲ್ಲಿ ಪಟ್ಟಕ್ಕೆ ಬಂದ ವರ್ಷದ ಉಳಿದ ತಿಂಗಳುಗಳನ್ನೇ ಮೊದಲ ವರ್ಷವೆಂದು ಎಣಿಸುತ್ತಿದ್ದರೆಂದು ಹಿಡಿದರೆ, ಅದೇ ವರ್ಷ ಸತ್ತವನ ಲೆಕ್ಕಕ್ಕೂ ಹೊಸಬನ ಲೆಕ್ಕಕ್ಕೂ ಸೇರುತ್ತದೆ. ತಲೆಗೊಂದರಂತೆ ಕಳೆದಾಗ ಸರಿಯಾಗಿ 12 ಉಳಿಯುತ್ತದೆ. ಏಳೇ ದಿನ ಆಳಿದ ಜಿಮ್ರಿಯನ್ನು ಬಿಟ್ಟು ಉಳಿದ ಎಂಟು ಅರಸರಿಗೂ ಹೀಗೆಯೇ ಮಾಡಿದರೆ 98 ಹೋಗಿ 90 ಆಗುತ್ತದೆ. 841ರಿಂದ 90 ವರ್ಷ ಹಿಂದೆ ಹೋದರೆ 931. ರಾಜ್ಯ ಒಡೆದದ್ದು ಆ 931ರ ಸುಮಾರಿಗೆ ಎಂಬ ಮಾತು ಹುಟ್ಟಿದ್ದೇ ಇಂಥ ಲೆಕ್ಕದಿಂದ. ಆದ್ದರಿಂದ ಅದನ್ನು ನಾನು ಪುರಾವೆಯೆಂದು ಮುಂದಿಡುವುದಿಲ್ಲ. ಈ ಕಾಲಗಣನೆಯ ವಿದ್ವಾಂಸ ಎಡ್ವಿನ್ ಥೀಲೆಯವರು 1951ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದರ ವಿಸ್ತಾರವಾದ ಚರ್ಚೆಯಿದೆ.

ಹಾಸನ ಜಿಲ್ಲೆಯ ಶಾಸನಗಳನ್ನು ಓದಿದವರಿಗೆ ಇದು ಹೊಸತಲ್ಲ. ಶಕ 1039 ಎಂಬುದನ್ನು ಗತವರ್ಷವೆಂದು (ಮುಗಿದ ವರ್ಷಗಳ ಎಣಿಕೆ) ಹಿಡಿದರೆ ಕ್ರಿ.ಶ. 1117–18, ವರ್ತಮಾನವೆಂದು (ನಡೆಯುತ್ತಿರುವ ವರ್ಷ) ಹಿಡಿದರೆ 1116–17 ಆಗುತ್ತದೆ. ಜೊತೆಗೆ ಹೇವಿಳಂಬಿ ಸಂವತ್ಸರವೆಂದು ಬರೆದಿದ್ದರೆ ಮೊದಲನೆಯದೇ ನಿಲ್ಲುತ್ತದೆ. ಒಂದು ವರ್ಷದ ಈ ವ್ಯತ್ಯಾಸಕ್ಕಾಗಿ ಬೇಲೂರಿನ ವಿಷ್ಣುವರ್ಧನನನ್ನು ಯಾರೂ ಕಟ್ಟುಕಥೆ ಎಂದಿಲ್ಲ.

ತಂದೆ ಬದುಕಿರುವಾಗಲೇ ಮಗ ಆಳಿದ್ದರಿಂದಲೂ ಮೊತ್ತ ಉಬ್ಬುತ್ತದೆ. ಯೆಹೂದದ ಅರಸ ಉಜ್ಜೀಯನಿಗೆ ಕುಷ್ಠ ತಗುಲಿದಾಗ ಅವನ ಮಗ ಯೋತಾಮ ಆಡಳಿತ ನೋಡಿಕೊಂಡನೆಂದು ಬೈಬಲೇ ಹೇಳುತ್ತದೆ. ಆ ವರ್ಷಗಳು ಇಬ್ಬರ ಲೆಕ್ಕಕ್ಕೂ ಸೇರಿರುವ ಸಾಧ್ಯತೆಯಿದೆ.

ಹಾಗೆಂದು ಎಲ್ಲವೂ ಬಗೆಹರಿದಿಲ್ಲ, ಲೇಖಕರು ಹಿಡಿಯಬೇಕಿದ್ದ ಜಾಗವೂ ಅದೇ. ಉತ್ತರದ ಅರಸ ಮೆನಹೇಮನು ಸುಮಾರು ಕ್ರಿ.ಪೂ. 738ರಲ್ಲಿ ಅಶ್ಶೂರಕ್ಕೆ ಕಪ್ಪ ಕೊಟ್ಟನು. ಉತ್ತರದ ರಾಜಧಾನಿ ಸಮಾರ್ಯ ಬಿದ್ದದ್ದು 722ರ ಸುಮಾರಿಗೆ. ಈ 16 ವರ್ಷಗಳೊಳಗೆ ಮೆನಹೇಮನ ನಂತರದ ಅರಸರಾದ ಪೆಕಹ್ಯನ 2, ಪೆಕಹನ 20, ಹೋಶೇಯನ 9 ವರ್ಷಗಳು ಹಿಡಿಸಲಾರವು. ಪೆಕಹನು ಮೊದಲಿನಿಂದಲೂ ಯೊರ್ದನ್ ನದಿಯ ಪೂರ್ವದ ಗಿಲ್ಯಾದಿನಲ್ಲಿ ಪ್ರತಿಸ್ಪರ್ಧಿ ಅರಸನಾಗಿದ್ದು ಆ ವರ್ಷಗಳನ್ನೂ ಎಣಿಸಿಕೊಂಡಿರಬೇಕೆಂಬ ಥೀಲೆಯವರ ಊಹೆ ಜಾಣತನದ್ದೇ ಆದರೂ, ಅದಕ್ಕೆ ನೇರವಾದ ಶಾಸನಾಧಾರ ಇಲ್ಲದಿರುವುದರಿಂದ ನಾನು ಒಪ್ಪಲಾರೆ.

– ನಿವೃತ್ತ ಇತಿಹಾಸ ಉಪನ್ಯಾಸಕ, ಹಾಸನ