ಎಂಟೂವರೆ ಅಡಿ ಎತ್ತರದ ಫ್ಲ್ಯಾಟಿಗೆ ಹೊಸ ವಯರಿಂಗ್ ಎಳೆದುಕೊಟ್ಟವರಿಗೆ

ಕಾಸರಗೋಡಿನ ನಮ್ಮ ಹಳೆಯ ಫ್ಲ್ಯಾಟಿನ ವಯರಿಂಗ್ ಕೆಲಸ ಮಳೆಗಾಲ ಹಿಡಿಯುವ ಮೊದಲೇ ಮುಗಿಯಿತು. ಹಿರಿಯ ವಯರ್‌ಮ್ಯಾನ್, ಅವರ ಜೊತೆಗಿದ್ದ ಇಬ್ಬರು ಹುಡುಗರು, ಕೆಎಸ್‌ಇಬಿ (ಕೇರಳದ ವಿದ್ಯುತ್ ಮಂಡಳಿ) ಲೈನ್‌ಮ್ಯಾನ್, ಕೆಳಗಿನ ಮನೆಯವರು, ಎಲ್ಲರಿಗೂ ಕೃತಜ್ಞತೆ. ಅವರು 'ಬೇಡ' ಎಂದು ತಡೆದ ಕೆಲಸಗಳಿಗಾಗಿ ಇನ್ನೂ ಹೆಚ್ಚು.

ಮೊದಲ ಬೇಡ ಸ್ಲ್ಯಾಬಿನದು. ವಯರ್ ಮರೆಮಾಡಲು ಫಾಲ್ಸ್ ಸೀಲಿಂಗ್ ಕಟ್ಟಿದರೆ ಇರುವ ಎತ್ತರದಲ್ಲೇ ನಾಲ್ಕು ಇಂಚು ಹೋಗುತ್ತದೆ, ಹಾಗಾಗಿ ಪೈಪ್ ಹುದುಗಿಸಲು ಸ್ಲ್ಯಾಬನ್ನೇ ಕಟರಿನಲ್ಲಿ ಕೊರೆಯೋಣ ಎಂಬುದು ನಮ್ಮ ಬುದ್ಧಿ. ಆದರೆ ಸರಳಿನ ಕೆಳಗಿರುವ ಕಾಂಕ್ರೀಟ್ ಮುಕ್ಕಾಲು ಇಂಚಿನ ಆಸುಪಾಸು. 20 ಮಿ.ಮೀ. ಪೈಪ್ ಕೂರಿಸಲು ಹೋದರೆ ಸರಳೇ ಬಯಲಾಗುತ್ತದೆ. ಕಡಲಗಾಳಿಯ ಊರಿನಲ್ಲಿ ತುಕ್ಕಿಗೆ ಅಷ್ಟು ಸಾಕು. ಹಳೆಯ ಪೈಪಿನಲ್ಲಿ ವಯರ್ ಎಳೆಯುವ ಸ್ಪ್ರಿಂಗ್ ಸಲೀಸಾಗಿ ಹೋದಲ್ಲಿ ಮಾತ್ರ ಹೊಸ ವಯರ್ ಎಳೆದರು, ಒಂದು ಪೈಪಿಗೆ ಐದಕ್ಕಿಂತ ಹೆಚ್ಚು ತುರುಕಲಿಲ್ಲ. ಎರಡು ಪೈಪುಗಳಲ್ಲಿ ಕಣಜ ಮಣ್ಣುಗೂಡು ಕಟ್ಟಿತ್ತು. ಅವನ್ನು ಕೈಬಿಟ್ಟು, ಗೋಡೆಯ ಮೇಲಂಚಿನಲ್ಲಿ ವಯರ್ ಒಳಗಿಟ್ಟು ಮುಚ್ಚುವ ಕೇಸಿಂಗ್ ಪಟ್ಟಿ ಹೊಡೆದರು. ಮುರಕಲ್ಲಿನ ಗೋಡೆಯಲ್ಲಿ ಒಂದಿಂಚಿನ ಸ್ಕ್ರೂ ಪ್ಲಗ್ ಸಮೇತ ತಿರುಗುತ್ತದೆ; ಎರಡಿಂಚಿನದು, ಒಂದೂವರೆ ಅಡಿಗೊಂದರಂತೆ, ಗಟ್ಟಿ ಕೂತಿತು.

ಫ್ಯಾನಿನ ವಿಷಯವೂ ಹಾಗೇ. ಗಾಳಿ ಬರಬೇಕಾದರೆ ರೆಕ್ಕೆಗೂ ಸ್ಲ್ಯಾಬಿಗೂ ಒಂದಡಿ ಅಂತರ ಬೇಕು, ಆಗ ರೆಕ್ಕೆ ನೆಲದಿಂದ ಏಳೂವರೆ ಅಡಿಗೆ ಬಂತು. ಹೆಗಲ ಮೇಲೆ ಮಗುವನ್ನು ಕೂರಿಸಿಕೊಂಡರೆ? ಕೋಣೆಗಳಿಗೆಲ್ಲ ಗೋಡೆ ಫ್ಯಾನೇ ಆಯಿತು. ನೋಡಲು ಬಸ್‌ ಸ್ಟ್ಯಾಂಡಿನ ಹೋಟೆಲಿನಂತಿದೆ, ಇರಲಿ.

ಹಳೆಯ ವಯರ್ ಅಲ್ಯೂಮಿನಿಯಂ. ಅದರ ತುದಿಗೆ ತಾಮ್ರ ಸುತ್ತಿ ಟೇಪ್ ಹಾಕುವುದು ಅಗ್ಗದ ದಾರಿ. ತೇವ ತಾಗಿದರೆ ಆ ಜಾಯಿಂಟಿನಲ್ಲಿ ಅಲ್ಯೂಮಿನಿಯಂ ಸವೆದು, ಸಡಿಲಾಗಿ, ಬಿಸಿಯೇರಿ ಬೋರ್ಡೇ ಕರಕಲಾಗುತ್ತದೆ. ಅದಕ್ಕೂ ಬೇಡ ಎಂದರು. ಎರಡು ಕೋಣೆಯ ಮನೆಗೆ ಲೈಟ್, ಫ್ಯಾನಿಗೆ 1.5 ಚ.ಮಿ.ಮೀ. ತಾಮ್ರ ಆರು ಕಾಯಿಲ್ (ತಲಾ 90 ಮೀಟರ್), ಪವರ್ ಪ್ಲಗ್ಗಿಗೆ 2.5ರದ್ದು ಮೂರು, ಎಸಿ ಮತ್ತು ಗೀಸರಿಗೆ 4ರದ್ದು ಮೂರು ಬಣ್ಣದಲ್ಲಿ 25 ಮೀಟರ್ ತುಂಡುಗಳು. ಎಂಸಿಬಿ (ಕರೆಂಟು ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್) ಕ್ರಮವಾಗಿ 10, 16, 20 ಆಂಪ್.

ಹೆಚ್ಚು ತಲೆ ತಿಂದದ್ದು ನ್ಯೂಟ್ರಲ್, ಅಂದರೆ ಕರೆಂಟು ಮರಳುವ ವಯರ್. ಹಳಬರು ಹತ್ತಿರದ ಬೋರ್ಡಿನಿಂದ ನ್ಯೂಟ್ರಲ್ ಕಡ ತಂದಿದ್ದರು. ಫ್ಯೂಸಿನ ಕಾಲದಲ್ಲಿ ಅದು ನಡೆಯಿತು. ಈಗ ಎರಡು 30 ಮಿಲಿಆಂಪ್ ಆರ್‌ಸಿಸಿಬಿ (ಹೋದ ಕರೆಂಟಿಗೂ ಮರಳಿದ್ದಕ್ಕೂ ಅಷ್ಟು ವ್ಯತ್ಯಾಸ ಬಂದರೆ ಲೈನ್ ಕಡಿಯುವ ಸ್ವಿಚ್) ಇವೆ: ಒಂದರಿಂದ ಹೋದ ಕರೆಂಟು ಇನ್ನೊಂದರ ನ್ಯೂಟ್ರಲಿನಲ್ಲಿ ಮರಳಿದರೆ ಎರಡಕ್ಕೂ ಲೆಕ್ಕ ತಪ್ಪುತ್ತದೆ. 9 ವಾಟಿನ ಒಂದು ಎಲ್‌ಇಡಿ ಬಲ್ಬಿಗೇ ಸುಮಾರು 40 ಮಿಲಿಆಂಪ್ ಬೇಕು, ಅದೊಂದು ಉರಿದರೂ ಸಾಕು, ಟ್ರಿಪ್. ಎಷ್ಟೋ ಮನೆಗಳಲ್ಲಿ ಆರ್‌ಸಿಸಿಬಿಯೇ ಕೆಟ್ಟದ್ದೆಂದು ಕಿತ್ತೆಸೆಯುತ್ತಾರೆ. ಇವರು ಪ್ರತಿ ಸರ್ಕ್ಯೂಟಿಗೂ ಬೇರೆ ನ್ಯೂಟ್ರಲ್ ಎಳೆದು ನಂಬರ್ ಅಂಟಿಸಿದರು.

ಬೋರ್ಡ್ ಮುಚ್ಚುವ ಮೊದಲು 500 ವೋಲ್ಟಿನ ಮೆಗ್ಗರ್, ವಯರಿನ ಹೊದಿಕೆಯಿಂದ ಕರೆಂಟು ಸೋರುತ್ತದೆಯೇ ಎಂದು ಅಳೆಯುವ ಉಪಕರಣ. ಬಲ್ಬು, ಸರ್ಜ್ ಪ್ರೊಟೆಕ್ಟರ್ ಎಲ್ಲ ಬಿಚ್ಚಿಟ್ಟು ಅಳೆದಾಗ ಬಾಲ್ಕನಿ ಸರ್ಕ್ಯೂಟ್ 0.2 ಮೆಗಾಓಮ್ ತೋರಿಸಿತು. 1ಕ್ಕಿಂತ ಕಡಿಮೆ ಸಲ್ಲದು. ಬಾಕ್ಸಿನ ಸ್ಕ್ರೂ ಫೇಸಿನ ಹೊದಿಕೆಯನ್ನು ಕಚ್ಚಿತ್ತು. ಸಂಜೆ ಏಳಾಗಿತ್ತು, ನಾವು ನಾಳೆ ನೋಡೋಣವೆಂದೆವು. ಹುಡುಗರು ಆ ತುಂಡನ್ನು ಬದಲಿಸಿಯೇ ಎದ್ದರು.

ಲೈನ್‌ಮ್ಯಾನ್ ಎರಡು ಸಲ ಬಂದು ಕಂಬದಲ್ಲಿ ಲೈನ್ ಬಿಡಿಸಿ ಕೊಟ್ಟರು, ಮೀಟರಿನ ಸೀಲಿಗೆ ಯಾರೂ ಕೈ ಹಾಕಬೇಕಾಗಲಿಲ್ಲ. ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಗುಡುಗುಮಳೆಗೆ ಮೊದಲು ಅರ್ತ್ ಗುಂಡಿಗೊಮ್ಮೆ ನೀರು ಹೊಯ್ದು ಅಳತೆ ನೋಡಬೇಕೆಂಬ ಅವರ ಮಾತು ಎಂಸಿಬಿಗಳಿರುವ ಪೆಟ್ಟಿಗೆಯ, ಅಂದರೆ ಡಿಬಿಯ, ಮುಚ್ಚಳದಲ್ಲಿ ಬರೆದಿಟ್ಟಿದ್ದೇವೆ.

ಕೆಳಗಿನ ಮನೆಯ ಅಕ್ಕನಿಗೆ ಒಂದು ಬಾಕಿ ಇದೆ. ಒಂಬತ್ತು ದಿನ ಡ್ರಿಲ್ಲು, ಕಟರು, ಹ್ಯಾಲೊಜೆನ್ ಎಲ್ಲ ಓಡಿದ್ದು ಅವರ ಪ್ಲಗ್ಗಿನಿಂದ. ಯೂನಿಟ್ ಎಷ್ಟಾಯಿತೆಂದು ಕೇಳಿದರೆ ಇನ್ನೂ ಹೇಳುತ್ತಿಲ್ಲ.