ಅದನ್ನ ರೇಸ್ ಅಂತ ಬರೀಬೇಡಿ ಸಾರ್

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ ಪೇಪರ್‌ನಲ್ಲಿ ಒಂದು ಸುದ್ದಿ ಬಂದಿತ್ತು, ರಾತ್ರಿ ಎರಡು ಗಂಟೇಲಿ ಊರಾಚೆ ರೋಡಲ್ಲಿ ಇಬ್ರು ಹುಡುಗ್ರು ಜಿದ್ದಿಗೆ ಬಿದ್ದು ಕಾರ್ ಓಡಿಸಿ ಒಂದು ಕಾರು ಡಿವೈಡರ್ ಹತ್ತಿ ಮಗುಚಿದ್ದು. ಹೆಡ್ಡಿಂಗು 'ಕಾರ್ ರೇಸ್ ಹುಚ್ಚು'. ನಮ್ಮನೇಲಿ ಪೇಪರ್ ಮೊದ್ಲು ಓದೋದು ಅಮ್ಮ, ನಾನು ಕಾಫಿ ಕುಡಿಯೋಕೆ ಬರೋಷ್ಟರಲ್ಲಿ ಆ ಪುಟ ಮಡಚಿ ಟೇಬಲ್ ಮೇಲೆ ಇಟ್ಟಿದ್ರು, "ನೋಡೋ, ನೀನು ಮಾಡೋದೂ ಇದೇ ತಾನೇ" ಅಂದ್ರು. ಅಲ್ಲಮ್ಮಾ ಅಂತ ಹೇಳೋಕೆ ಹೋದೆ, ಅವ್ರು ಕೇಳಿಸ್ಕೊಳ್ಲಿಲ್ಲ. ಅದಕ್ಕೆ ನಿಮಗೆ ಬರೀತಿದೀನಿ, ಪೇಪರ್‌ನಲ್ಲಿ ಬಂದ್ರೆ ಅಮ್ಮ ನಂಬ್ತಾರೆ.

ನಂಗೆ 41 ವರ್ಷ, ಪೀಣ್ಯದಲ್ಲಿ ಸಣ್ಣ ಮಷೀನ್ ಶಾಪ್ ಇದೆ, ಎರಡು ಸಿಎನ್‌ಸಿ ಲೇತು, ಐದು ಜನ ಕೆಲ್ಸದೋರು. ನಾನು ರೇಸರ್ ಅಂತ ಹೇಳ್ಕೊಳೋಕೆ ನಂಗೇ ನಾಚಿಕೆ, ವರ್ಷಕ್ಕೆ ಎರಡೋ ಮೂರೋ ವೀಕೆಂಡು ಹೋಗಿ ಮಧ್ಯದಲ್ಲೋ ಕೊನೇಲೋ ಬರೋ ಗಿರಾಕಿ. ಕಾರು ಒಂದು ಹಳೇ ಮಾರುತಿ ಎಸ್ಟೀಮು, 1.3 ಲೀಟರ್ 16 ವಾಲ್ವ್ ಎಂಜಿನ್ನು, ಶೋರೂಮಿಂದ ಬಂದಾಗ 85 ಬಿಎಚ್‌ಪಿ. ಒಳಗಡೆ ಸೀಟು, ಕಾರ್ಪೆಟ್ಟು, ಎಸಿ, ಡೋರ್ ಪ್ಯಾಡು ಎಲ್ಲಾ ಕಿತ್ತಾಕಿ ಕಾರು ಮಗುಚಿದ್ರೂ ಒಳಗಿರೋನು ಜಜ್ಜಿ ಹೋಗದಂಗೆ ಕಾಯೋ ಕಬ್ಬಿಣದ ರೋಲ್ ಕೇಜ್ ವೆಲ್ಡ್ ಮಾಡಿಸಿದೀನಿ, ಒಂದೇ ಒಂದು ಬಕೆಟ್ ಸೀಟು. ನೋಡೋಕೆ ಗುಜರಿಗೆ ಹೋಗೋ ಗಾಡಿ ಥರ ಇದೆ ಆದ್ರೆ ನಗಬೇಡಿ, ನಮ್ ದೇಶದಲ್ಲಿ ಸರ್ಕ್ಯೂಟ್ ರೇಸಿಂಗ್ ಬದುಕಿ ಉಳ್ದಿರೋದೇ ಬಹಳಷ್ಟು ಈ ಥರ ಮಾರುತಿ ಎಂಜಿನ್ ಮೇಲೆ, ಎಲ್‌ಜಿಬಿ ಫಾರ್ಮುಲಾ ಅಂತ ಕರೆಯೋ ಒಂಟಿ ಸೀಟಿನ ಕಾರಲ್ಲೂ ಮಾರುತಿಯ 1.3 ಲೀಟರ್ ಎಂಜಿನ್ನೇ ಇರೋದು.

ಗುರುವಾರ ರಾತ್ರಿ ಕಾರನ್ನ ಬಾಡಿಗೆ ಟೋಯಿಂಗ್ ಗಾಡಿ ಮೇಲೆ ಹತ್ತಿಸಿ, ನಾನು, ನಮ್ ಮೆಕ್ಯಾನಿಕ್ ಅಣ್ಣ, ನನ್ ಭಾವಮೈದ ಮೂರೂ ಜನ ಓಮ್ನೀಲಿ ಜ್ಯಾಕು, ಟೈರು, ಜೆರ್ರಿಕ್ಯಾನ್, ಪುಳಿಯೋಗರೆ ಡಬ್ಬ ತುಂಬ್ಕೊಂಡು ಹೊಸೂರು, ಕೃಷ್ಣಗಿರಿ, ವೆಲ್ಲೂರು ದಾಟಿ ಇರುಂಗಾಟ್ಟುಕೋಟೈಗೆ ಹೋದ್ವಿ. ಶ್ರೀಪೆರಂಬುದೂರು ಪಕ್ಕದಲ್ಲೇ ಇರೋ ಊರು. ರಾಮಾನುಜಾಚಾರ್ಯರು ಹುಟ್ಟಿದ ಜಾಗ ಅದು, ಹಾಗಾಗಿ ಅಮ್ಮ ಪಕ್ಕದ್ಮನೆಯೋರಿಗೆಲ್ಲಾ ಮಗ ಶ್ರೀಪೆರಂಬುದೂರಿಗೆ ಹೋಗಿದಾನೆ ಅಂತ ಮಾತ್ರ ಹೇಳ್ತಾರೆ, ಅವ್ರು ನನ್ನನ್ನ ದೊಡ್ಡ ಭಕ್ತ ಅಂದ್ಕೊಂಡಿದಾರೆ.

ಅಲ್ಲಿರೋ ಟ್ರ್ಯಾಕು 1990ರಿಂದ ಇದೆ, ಒಂದು ಸುತ್ತು ಸುಮಾರು 3.7 ಕಿ.ಮೀ., 12 ತಿರುವು. ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನೋರು ಕಟ್ಟಿದ್ದು. ಅದಕ್ಕೂ ಮುಂಚೆ ಅವ್ರು ಚೆನ್ನೈ ಹತ್ರದ ಶೋಲಾವರಂನಲ್ಲಿ ಎರಡನೇ ಮಹಾಯುದ್ಧದ ಕಾಲದ ಪಾಳುಬಿದ್ದ ವಿಮಾನದ ರನ್‌ವೇ ಮೇಲೆ ವರ್ಷಾನುಗಟ್ಲೆ ರೇಸ್ ನಡೆಸ್ತಿದ್ರು. ಇದನ್ನ ನೆನಪಿಟ್ಕೊಳಿ, ಆಮೇಲೆ ಬರ್ತೀನಿ.

ಶುಕ್ರವಾರ ಬೆಳಗ್ಗೆ ಸ್ಕ್ರೂಟಿನಿ. ನಿಮ್ ಸುದ್ದೀಲಿದ್ದ ಹುಡುಗ್ರು ಕೀ ತಿರುಗಿಸಿ ಹೊರಟ್ರು ಅಷ್ಟೇ, ಇಲ್ಲಿ ಕಾರು ಟ್ರ್ಯಾಕಿಗೆ ಇಳಿಯೋಕೆ ಮುಂಚೆ ಏನೇನು ನೋಡ್ತಾರೆ ಗೊತ್ತಾ. ದೇಶದ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬುಗಳ ಫೆಡರೇಶನ್ನಿಂದ, ಅಂದ್ರೆ ಎಫ್‌ಎಂಎಸ್‌ಸಿಐ ಅಂತಾರಲ್ಲ ಅವ್ರಿಂದ ಪಡೆದ ಲೈಸೆನ್ಸ್ ಬೇಕು, ಅದಕ್ಕೆ ಡಾಕ್ಟರ್ ಸರ್ಟಿಫಿಕೇಟ್ ಬೇಕು. ಆಮೇಲೆ ಬೆಂಕಿ ತಡೆಯೋ ಬಟ್ಟೆ, ಗ್ಲೌಸು, ಶೂ, ಒಳಬನೀನು ಕೂಡ. ಹೆಲ್ಮೆಟ್ ಮೇಲಿನ ಸ್ಟಿಕ್ಕರ್ ಓದ್ತಾರೆ. ಕಾರಲ್ಲಿ ಕೇಜಿನ ವೆಲ್ಡಿಂಗು, ಬೆಂಕಿ ಆರಿಸೋ ಸಿಲಿಂಡರು, ಹೊರಗಿಂದಲೂ ಎಳೆದು ಎಂಜಿನ್ ನಿಲ್ಸೋ ಕಟ್ ಆಫ್ ಸ್ವಿಚ್ಚು, ಬ್ಯಾಟರಿ ಗಟ್ಟಿಯಾಗಿ ಕೂತಿದ್ಯಾ ಅಂತ ಕೈ ಹಾಕಿ ಅಲ್ಲಾಡಿಸ್ತಾರೆ.

ನನ್ ಕಾರು ಫೇಲಾಯ್ತು. ಸೀಟ್ ಬೆಲ್ಟು, ಅಂದ್ರೆ ಆರು ಕಡೆ ಹಿಡಿಯೋ ಹಾರ್ನೆಸ್ಸು, ಅದ್ರ ಮೇಲೆ ಹೊಲಿದಿರೋ ಚೀಟೀಲಿ ಇಂಥ ವರ್ಷದ ಮೇಲೆ ಬಳಸಬಾರದು ಅಂತ ಬರ್ದಿರುತ್ತೆ, ನಂದು ಹೋದ ವರ್ಷಕ್ಕೇ ಮುಗಿದಿತ್ತು. ತಪ್ಪು ಪೂರ್ತಿ ನಂದೇ, ಮನೇಲಿ ನೋಡ್ಕೋಬೇಕಿತ್ತು. ಚೆನ್ನಾಗೇ ಇದೆ ಸಾರ್ ಒಂದು ನೂಲೂ ಕಿತ್ತಿಲ್ಲ ಅಂತ ಗೋಗರೆದೆ, ಚೆಕ್ ಮಾಡ್ತಿದ್ದ ಹಿರಿಯರು ತಲೆ ಎತ್ತಿ ನೋಡ್ಲೂ ಇಲ್ಲ, ನೆಕ್ಸ್ಟ್ ಅಂದ್ರು. ಎರಡು ಗಂಟೆ ಕಾಲ ನಾವು ಮೂರು ಜನ ಪಿಟ್ಟಲ್ಲಿ, ಅಂದ್ರೆ ಕಾರು ರೆಡಿ ಮಾಡೋ ಶೆಡ್ ಸಾಲಲ್ಲಿ, ಭಿಕ್ಷೆ ಬೇಡೋರ ಥರ ಓಡಾಡಿದ್ವಿ, ಕೊನೆಗೆ ಕೊಯಮತ್ತೂರಿನ ಒಬ್ರು ತಮ್ಮ ಸ್ಪೇರ್ ಹಾರ್ನೆಸ್ ಬಿಚ್ಚಿ ಕೊಟ್ರು, ದುಡ್ಡು ಕೇಳಲಿಲ್ಲ, ವಾಪಸ್ ಪಾರ್ಸೆಲ್ ಮಾಡಿ ಸಾಕು ಅಂದ್ರು. ಅವ್ರು ನನ್ ಕ್ಲಾಸಲ್ಲೇ ಓಡಿಸೋರು, ಅಂದ್ರೆ ನಾನು ಟ್ರ್ಯಾಕ್ ಮೇಲೆ ಸೋಲಿಸ್ಬೇಕಾದ ಮನುಷ್ಯ.

ಮಧ್ಯಾಹ್ನ ಪ್ರ್ಯಾಕ್ಟೀಸು. ಮೂರು ವರ್ಷದಿಂದ ಹೋಗ್ತಿದ್ರೂ ಮೊದಲ ಎರಡು ಲ್ಯಾಪು, ಅಂದ್ರೆ ಸುತ್ತು, ನಂಗೆ ಹೊಟ್ಟೇಲಿ ಕಲಸುತ್ತೆ. ಇಲ್ಲಿ ಕಲಿಯೋದು ಜೋರಾಗಿ ಹೋಗೋದಲ್ಲ, ಆಕ್ಸಿಲರೇಟರ್ ತುಳಿಯೋದನ್ನ ಯಾರು ಬೇಕಾದ್ರೂ ಮಾಡ್ತಾರೆ. ಎಲ್ಲಿ ಬ್ರೇಕ್ ಹಾಕ್ಬೇಕು, ಎಷ್ಟು ಹಾಕ್ಬೇಕು, ಯಾವಾಗ ಬಿಡ್ಬೇಕು ಅನ್ನೋದೇ ಆಟ. ತಿರುವಿಗೆ ಹೊರಗಿನ ಅಂಚಿಂದ ಬಂದು, ಒಳಗಿನ ಅಂಚು ಮುಟ್ಟಿ, ಮತ್ತೆ ಹೊರಗಿನ ಅಂಚಿಗೆ ಹೋಗಬೇಕು, ಆಗ ತಿರುವು ಅಗಲ ಆಗುತ್ತೆ, ಕಾರು ಕಮ್ಮಿ ತಿರುಗಿದ್ರೆ ಸಾಕು. ಒಳಗೆ ನಿಧಾನಕ್ಕೆ ಹೋಗಿ ಆಚೆ ಬೇಗ ಬಾ ಅಂತ ಹಳಬರು ಹೇಳ್ತಾರೆ, ಹೇಳೋದು ಸುಲಭ, ಮುಂದಿನವನ ಬಂಪರ್ ಹತ್ತಿರ ಕಂಡಾಗ ಕಾಲು ಕೇಳಲ್ಲ. ನನ್ ಬೆಸ್ಟ್ ಲ್ಯಾಪು 2 ನಿಮಿಷ 8 ಸೆಕೆಂಡು. ಸರಾಸರಿ ಲೆಕ್ಕ ಹಾಕಿ, ಗಂಟೆಗೆ 104 ಕಿ.ಮೀ. ಅಷ್ಟೇ. ರೀಲ್ಸಲ್ಲಿ 180 ತೋರ್ಸೋ ಹುಡುಗ್ರಿಗೆ ಇದು ನಗೆಪಾಟಲು ಅನ್ಸಬಹುದು, ಬಂದು ಒಂದು ಸಲ ಓಡ್ಸಿ ನೋಡ್ಲಿ.

ಶನಿವಾರ ಕ್ವಾಲಿಫೈಯಿಂಗಲ್ಲಿ, ಅಂದ್ರೆ ರೇಸಿಗೆ ಯಾರು ಎಲ್ಲಿ ನಿಲ್ಬೇಕು ಅಂತ ತೀರ್ಮಾನಿಸೋ ಓಟದಲ್ಲಿ, 19 ಕಾರಲ್ಲಿ 11ನೇದು ನಾನು. ಸಂಜೆ ಮೊದಲ ರೇಸು, 8 ಲ್ಯಾಪು, ಅಂದ್ರೆ 30 ಕಿ.ಮೀ.ಗೆ ಸ್ವಲ್ಪ ಕಮ್ಮಿ, ಹೆಚ್ಚಂದ್ರೆ ಹದಿನೆಂಟು ನಿಮಿಷ. ಗ್ರಿಡ್ಡಲ್ಲಿ, ಅಂದ್ರೆ ಹೊರಡೋ ಸಾಲಲ್ಲಿ, ನಿಂತಾಗ ಹೆಲ್ಮೆಟ್ ಒಳಗೆ ನಮ್ ಉಸಿರು ಬಿಟ್ರೆ ಏನೂ ಕೇಳಲ್ಲ. ಐದು ಕೆಂಪು ಲೈಟು ಒಂದೊಂದಾಗಿ ಹತ್ತಿ ಎಲ್ಲಾ ಒಟ್ಟಿಗೆ ಆರ್ತವೆ, ಆರಿದ ಮೇಲೇ ಹೊರಡ್ಬೇಕು, ಒಂದು ಚೂರು ಮುಂಚೆ ಹೊರಟ್ರೂ ಪೆನಾಲ್ಟಿ. ಚೆನ್ನಾಗೇ ಹೊರಟೆ, ಎರಡು ಕಾರು ದಾಟಿದೆ, ನಮ್ ಮೆಕ್ಯಾನಿಕ್ ಅಣ್ಣ ಪಿಟ್ ಗೋಡೆ ಮೇಲೆ ಕುಣಿತಿದ್ರಂತೆ.

ಐದನೇ ಲ್ಯಾಪಲ್ಲಿ ಬ್ರೇಕ್ ಪೆಡಲು ಮೆತ್ತಗಾಯ್ತು. ಆರನೇದ್ರಲ್ಲಿ ತುಳಿದ್ರೆ ಸ್ಪಂಜ್ ತುಳಿದಂಗೆ, ತಳ ಮುಟ್ತು. ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ರೋಡ್ ಮೇಲೆ ಓಡ್ಸೋರಿಗೂ ಬೇಕಾದ ವಿಷ್ಯ. ಸ್ಪೀಡು ಎರಡು ಪಟ್ಟಾದ್ರೆ ನಿಲ್ಲಿಸೋಕೆ ಬ್ರೇಕು ನುಂಗಬೇಕಾದ ಶಕ್ತಿ ಎರಡಲ್ಲ, ನಾಲ್ಕು ಪಟ್ಟು. 80ರಲ್ಲಿ ನಿಂತ ಕಾರು 160ರಲ್ಲೂ ಹಂಗೇ ನಿಲ್ಲುತ್ತೆ ಅಂದ್ಕೊಂಡ್ರೆ ಕೆಟ್ರಿ. ಆ ಶಕ್ತಿಯೆಲ್ಲಾ ಬಿಸಿಯಾಗಿ ಡಿಸ್ಕಿಗೆ, ಪ್ಯಾಡಿಗೆ, ಅಲ್ಲಿಂದ ಬ್ರೇಕ್ ಆಯಿಲ್‌ಗೆ ಹೋಗುತ್ತೆ. ಬ್ರೇಕ್ ಆಯಿಲ್ ಗಾಳೀಲಿರೋ ನೀರಿನ ಪಸೆ ಹೀರ್ಕೊಳುತ್ತೆ, ಹೀರ್ಕೊಂಡಷ್ಟೂ ಬೇಗ ಕುದಿಯುತ್ತೆ, ಕುದಿದ್ರೆ ಪೈಪಲ್ಲಿ ಆವಿ ಗುಳ್ಳೆ, ನೀವು ಪೆಡಲ್ ತುಳಿದ್ರೆ ಆ ಗುಳ್ಳೆ ಅದುಮ್ಕೊಳುತ್ತೆ ಹೊರತು ಬ್ರೇಕ್ ಹಿಡಿಯಲ್ಲ. ನಾನು ಹೊರಡೋಕೆ ಮುಂಚೆ ಆಯಿಲ್ ಬದಲಾಯಿಸ್ಬೇಕಿತ್ತು, ಸೋಮಾರಿತನ ಮಾಡಿದ್ದೆ. ಗಂಟೆಗೆ 160 ಅಂದ್ರೆ ಸೆಕೆಂಡಿಗೆ 44 ಮೀಟರು, ಸೋಮಾರಿತನಕ್ಕೆ ಅಲ್ಲಿ ಜಾಗ ಇಲ್ಲ. ತಿರುವಿಗೆ ಸ್ಪೀಡಲ್ಲೇ ಹೋದೆ, ಹೆದರಿ ಆಕ್ಸಿಲರೇಟರ್ ಪೂರ್ತಿ ಬಿಟ್ಟೆ, ಮುಂದಿನ ಚಕ್ರ ಎಳೆಯೋ ಕಾರಲ್ಲಿ ತಿರುವಿನ ಮಧ್ಯೆ ಹಂಗೆ ಬಿಟ್ರೆ ಹಿಂದಿನ ಭಾಗ ಹಗುರಾಗಿ ಜಾರುತ್ತೆ, ಜಾರ್ತು. ಎರಡು ಸುತ್ತು ಬುಗುರಿ ಥರ ತಿರುಗಿ ಮಣ್ಣಲ್ಲಿ ನಿಂತೆ, ಮೂತಿ ಬಂದ ದಾರಿ ಕಡೆಗೇ.

ಆಮೇಲೇನಾಯ್ತು ಅನ್ನೋದನ್ನೇ ಅಮ್ಮ ಓದ್ಬೇಕಾಗಿರೋದು. ಧೂಳು ಇಳಿಯೋಕೆ ಮುಂಚೆ ಹಿಂದಿನ ಪೋಸ್ಟಲ್ಲಿ ಹಳದಿ ಬಾವುಟ ಬೀಸ್ತಿದ್ರು, ಅಂದ್ರೆ ಮುಂದೆ ಅಪಾಯ, ನಿಧಾನ, ಓವರ್‌ಟೇಕ್ ಮಾಡಂಗಿಲ್ಲ. ಹಿಂದಿದ್ದ ಅಷ್ಟೂ ಕಾರು ಸ್ಪೀಡ್ ಇಳಿಸಿ ಸಾಲಾಗಿ ನನ್ನ ದಾಟಿ ಹೋದ್ವು. ಕಿತ್ತಳೆ ಬಟ್ಟೆ ಹಾಕಿ ಟ್ರ್ಯಾಕ್ ಕಾಯ್ತಿದ್ದ ಒಬ್ಬ ಮಾರ್ಷಲ್, ಕಾಲೇಜ್ ಹುಡುಗ ಅನ್ಸುತ್ತೆ, ಒಳಗೇ ಕೂತಿರು ಅಂತ ಕೈ ಮಾಡ್ದ, ಹಾದಿ ಖಾಲಿಯಾದ ಮೇಲೆ ಹೊರಡು ಅಂದ. ಬೆಂಕಿ ಆರಿಸೋರು, ಆಂಬುಲೆನ್ಸು, ಡಾಕ್ಟ್ರು ಎಲ್ಲಾ ರೆಡಿ ಇರ್ತಾರೆ. ಆ ಮಾರ್ಷಲ್‌ಗಳು ಎರಡು ದಿನ ಆ ಸುಡುಬಿಸಿಲಲ್ಲಿ ನಿಲ್ಲೋದು ಸಂಬಳಕ್ಕಲ್ಲ, ಪ್ರೀತಿಗೆ. ಎದುರಿಂದ ಲಾರಿ ಬರಲ್ಲ. ಫ್ಯಾಕ್ಟರಿ ಶಿಫ್ಟ್ ಮುಗ್ಸಿ ಸ್ಕೂಟರಲ್ಲಿ ಮನೆಗೆ ಹೋಗೋನು ಯಾರೂ ಅಡ್ಡ ಸಿಗಲ್ಲ. ನಿಧಾನಕ್ಕೆ ಓಡಿಸ್ಕೊಂಡು ರೇಸ್ ಮುಗಿಸಿದೆ, ಕೊನೆಯಿಂದ ಎರಡನೇ ಸ್ಥಾನ, ರಾತ್ರಿ ಹತ್ತರವರೆಗೂ ಟಾರ್ಚ್ ಹಿಡ್ಕೊಂಡು ಬ್ರೇಕ್ ಆಯಿಲ್ ಬದಲಾಯಿಸಿದ್ವಿ.

ಇನ್ನು ನಿಮ್ ಸುದ್ದೀಲಿದ್ದ ಹುಡುಗ್ರದ್ದು. ಮೋಟಾರು ವಾಹನ ಕಾಯ್ದೆ 189ನೇ ಸೆಕ್ಷನ್ ಪ್ರಕಾರ ರಾಜ್ಯ ಸರ್ಕಾರದ ಲಿಖಿತ ಒಪ್ಪಿಗೆ ಇಲ್ದೆ ಸಾರ್ವಜನಿಕ ಜಾಗದಲ್ಲಿ ಜಿದ್ದಿಗೆ ಬಿದ್ದು ಓಡ್ಸೋದು ಅಪರಾಧ, 2019ರ ತಿದ್ದುಪಡಿ ಆದ್ಮೇಲೆ ಮೊದಲ ಸಲಕ್ಕೆ ಮೂರು ತಿಂಗಳವರೆಗೂ ಜೈಲು ಅಥವಾ 5,000 ರೂಪಾಯಿವರೆಗೂ ದಂಡ, ಇಲ್ಲಾ ಎರಡೂ. ಹಾಕಲಿ, ನಂಗೇನೂ ಬೇಜಾರಿಲ್ಲ. ಕಾನೂನಿನಲ್ಲೂ ರೇಸಿಂಗ್ ಅನ್ನೋ ಪದ ಇದೆ ಅಂತ ನೀವು ಹೇಳಬಹುದು, ಸರಿ. ಆದ್ರೆ ಹೆಡ್ಡಿಂಗಲ್ಲಿ ಪುಂಡಾಟ ಅಂತ ಹಾಕಿದ್ರೆ ಅಕ್ಷರವೂ ಕಮ್ಮಿ. ರೇಸ್ ಅಂದಾಗ ಆ ಹುಡುಗ್ರಿಗೆ ಅವಮಾನ ಆಗಲ್ಲ ಸಾರ್, ಕೋಡು ಮೂಡುತ್ತೆ, ಕಟಿಂಗ್ ಫೋಟೋ ತೆಗೆದು ಸ್ಟೇಟಸ್ ಹಾಕ್ಕೊತಾರೆ.

ಇನ್ನೊಂದು ಮಾತು, ಶೋಲಾವರಂ ನೆನಪಿಟ್ಕೊಳಿ ಅಂದಿದ್ನಲ್ಲ. ತಮಿಳ್ನಾಡಲ್ಲಿ ಇರುಂಗಾಟ್ಟುಕೋಟೈ ಇದೆ, ಕೊಯಮತ್ತೂರಲ್ಲಿ 2003ರಿಂದ ಕರಿ ಮೋಟಾರ್ ಸ್ಪೀಡ್‌ವೇ ಇದೆ, 2024ರ ಆಗಸ್ಟ್ ಕೊನೇಲಿ ಚೆನ್ನೈ ಊರೊಳಗೇ ಐಲ್ಯಾಂಡ್ ಗ್ರೌಂಡ್ ಸುತ್ತ ರೋಡ್ ಮುಚ್ಚಿ ರಾತ್ರಿ ರೇಸ್ ಮಾಡಿದ್ರು, ಅದು 189ನೇ ಸೆಕ್ಷನ್ ಹೇಳೋ ಆ ಒಪ್ಪಿಗೆ ಥರದ್ದು ನೋಡಿ. ನಮ್ಮಲ್ಲಿ? ಜನಕ್ಕೆ ಬರ ಇಲ್ಲ. ಮರುಭೂಮಿ, ಕಲ್ಲುದಾರೀಲಿ ದಿನಗಟ್ಲೆ ಓಡಿಸೋ ಡಕಾರ್ ರ‍್ಯಾಲಿ ಮುಗಿಸಿದ ಮೊದಲ ಭಾರತೀಯ ಸಿ.ಎಸ್. ಸಂತೋಷ್ ಬೆಂಗಳೂರಿನೋರು, 2015ರಲ್ಲಿ. 2025ರಲ್ಲಿ ಮೊನಾಕೊದಲ್ಲಿ ಫಾರ್ಮುಲಾ 1ಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಫಾರ್ಮುಲಾ 2 ಸ್ಪ್ರಿಂಟ್ ರೇಸ್ ಗೆದ್ದ ಕುಶ್ ಮೈನಿ ಬೆಂಗಳೂರಿನೋರು. ರ‍್ಯಾಲಿಯಲ್ಲಂತೂ ಕೆ-1000 ಅನ್ನೋ ಸ್ಪರ್ಧೆ, ಚಿಕ್ಕಮಗಳೂರಿನ ಕಾಫಿ ತೋಟದ ಮಣ್ಣು ರೋಡು ಅಂತ ನಮ್ಮೋರಿಗೆ ದೊಡ್ಡ ಹೆಸರೇ ಇದೆ, ಆದ್ರೆ ಅದು ಒಬ್ಬೊಬ್ರೇ ಗಡಿಯಾರದ ವಿರುದ್ಧ ಓಡಿಸೋದು, ಇದು ಬೇರೆ. ಕಾರುಗಳು ಒಟ್ಟಿಗೆ ಓಡೋ ರೇಸ್ ಬೇಕು ಅಂದ್ರೆ ಹೊಸೂರು ದಾಟಲೇಬೇಕು.

ಫಾರ್ಮುಲಾ 1 ಟ್ರ್ಯಾಕ್ ಕಟ್ಟಿ ಅಂತ ಕೇಳ್ತಿಲ್ಲ. ಗ್ರೇಟರ್ ನೋಯ್ಡಾದಲ್ಲಿ ಕಟ್ಟಿದ್ರು, 2011ರಿಂದ 2013ರವರೆಗೆ ಮೂರೇ ಸಲ ಫಾರ್ಮುಲಾ 1 ನಡೆದದ್ದು. ರೈತರ ಜಮೀನು ಕಿತ್ಕೊಂಡು ಅಂತೂ ಬೇಡವೇ ಬೇಡ. ಕೊಯಮತ್ತೂರಿನದು 2.1 ಕಿ.ಮೀ. ಅಷ್ಟೇ, ಅಲ್ಲಿಂದ ಎಷ್ಟೋ ಜನ ತಯಾರಾಗಿದಾರೆ. ಅದೂ ಆಗಲ್ಲ ಅಂದ್ರೆ ಎಲ್ಲಾದ್ರೂ ಬಳಕೇಲಿಲ್ದಿರೋ ರನ್‌ವೇನೋ ಕಾಂಕ್ರೀಟ್ ಮೈದಾನವೋ ತಿಂಗಳಿಗೊಂದು ಭಾನುವಾರ ಕೊಟ್ರೂ ನಡೆಯುತ್ತೆ, ಶೋಲಾವರಂನೋರು ಮಾಡಿ ತೋರ್ಸಿದಾರೆ. ಟ್ರ್ಯಾಕ್ ಬಂದ ತಕ್ಷಣ ರೋಡ್ ಪುಂಡಾಟ ನಿಲ್ಲುತ್ತೆ ಅಂತ ನಾನು ಸುಳ್ ಹೇಳಲ್ಲ, ಕೆಲವ್ರಿಗೆ ಬೇಕಾಗಿರೋದೇ ಜನ ಹೆದರೋದು, ಅವ್ರು ಟ್ರ್ಯಾಕಿಗೆ ಬರಲ್ಲ. ಆದ್ರೆ ಹತ್ತರಲ್ಲಿ ನಾಕು ಹುಡುಗ್ರಿಗೆ ನಿಜವಾಗ್ಲೂ ಕಾರಿನ ಹುಚ್ಚು ಇರುತ್ತೆ, ನಂಗೂ ಇಪ್ಪತ್ತರಲ್ಲಿ ಇತ್ತು, ನಾನು ಯಾವ ರೋಡಲ್ಲಿ ಏನು ಮಾಡಿದೀನಿ ಅಂತ ಇಲ್ಲಿ ಬರಿಯಲ್ಲ, ಅಮ್ಮ ಓದ್ತಾರೆ.

ಭಾನುವಾರ ಎರಡನೇ ರೇಸಲ್ಲಿ ಬ್ರೇಕು ಕೊನೇವರೆಗೂ ಗಟ್ಟಿ ಇತ್ತು, 19ರಲ್ಲಿ 13ನೇ ಸ್ಥಾನ, ಹಾರ್ನೆಸ್ ಕೊಟ್ಟ ಮಹಾನುಭಾವರು ನನಗಿಂತ ಏಳು ಜಾಗ ಮುಂದೆ. ಕಾರು ಗಾಡಿ ಮೇಲೆ ಹತ್ತಿಸಿ ಓಮ್ನೀಲಿ ವಾಪಸ್ ಹೊರಟ್ವಿ. ಎಡಗಡೆ ಲೇನಲ್ಲಿ 70ರಲ್ಲಿ ಬರ್ತಿದ್ರೆ ಕೃಷ್ಣಗಿರಿ ಹತ್ರ ಯಾರೋ ಹಿಂದಿಂದ ಲೈಟ್ ಹೊಡೆದು ಹೊಡೆದು ಎಡಗಡೆಯಿಂದಲೇ ನುಗ್ಗಿ ಹೋದ, ಮೆಕ್ಯಾನಿಕ್ ಅಣ್ಣ "ಪಾಪ, ಇವ್ನಿಗೆ ದಾರಿ ಬಿಡಿ ಅಂತ ನಮಗೆ ನೀಲಿ ಬಾವುಟ ತೋರ್ಸೋರು ಯಾರೂ ಇಲ್ಲ" ಅಂದ್ರು.

ಮನೆ ತಲುಪಿದಾಗ ರಾತ್ರಿ ಒಂದೂವರೆ. ಅಮ್ಮ ಎದ್ದೇ ಕೂತಿದ್ರು. ಎಷ್ಟನೇ ನಂಬರ್ ಬಂದೆ ಅಂದ್ರು, ಹದಿಮೂರು ಅಂದೆ. ಹದಿಮೂರಕ್ಕೆ ಅಷ್ಟು ದೂರ ಹೋಗ್ಬೇಕಿತ್ತಾ ಅಂದ್ರು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, "ಹೋಗ್ಲಿ, ದೇವಸ್ಥಾನಕ್ಕಾದ್ರೂ ಹೋಗಿದ್ಯಾ?" ಅಂದ್ರು. ಹೋಗಿರಲಿಲ್ಲ.

ಇತಿ,
ನಿಮ್ಮ ಓದುಗ, ಪೀಣ್ಯ, ಬೆಂಗಳೂರು